ಬೆರ್ಗೆನ್‌ಗೆ ಹೊರಟಿದೀವಿ, ನಾರ್ವೆಯಲ್ಲಿ ಸಂಸಾರ ಮಾಡಿದ ಮಲೆನಾಡಿನವರು ಯಾರಾದ್ರೂ ಇದೀರಾ?

ವಿನೋಬನಗರದವಳು

ಎಲ್ಲರಿಗೂ ನಮಸ್ಕಾರ, ಇಲ್ಲಿ ಮೊದಲನೇ ಸಲ ಬರೀತಾ ಇರೋದು. ನಮ್ಮನೆಯವರಿಗೆ ನಾರ್ವೆಯ ಬೆರ್ಗೆನ್‌ನಲ್ಲಿ ಕೆಲಸ ಸಿಕ್ಕಿದೆ, ಸೆಪ್ಟೆಂಬರ್ ಮೊದಲ ವಾರ ಶಿವಮೊಗ್ಗ ಬಿಟ್ಟು ಇಬ್ಬರೂ ಹೊರಡ್ತೀವಿ. ನಾನು ಏಳು ವರ್ಷ ಶಾಲೇಲಿ ಪಾಠ ಮಾಡಿದವಳು, ಅದನ್ನ ಬಿಟ್ಟು ಹೋಗ್ತಾ ಇದೀನಿ. ನೆಟ್‌ನಲ್ಲಿ ಹುಡುಕಿದ್ರೆ ಬರೀ ಬಣ್ಣ ಬಣ್ಣದ ಮರದ ಮನೆ, ಫ್ಯೋರ್ಡ್ ಅಂತಾರಲ್ಲ, ಗುಡ್ಡಗಳ ಮಧ್ಯೆ ಒಳಗೆ ನುಗ್ಗಿದ ಸಮುದ್ರ, ಅದರ ಫೋಟೋ. ದಿನಾ ಬೆಳಗಾದ್ರೆ ಎಂತ ಮಾಡ್ತಾರೆ, ಸಸ್ಯಾಹಾರಿಗಳು ಎಂತ ತಿಂತಾರೆ, ಮನೆ ಹ್ಯಾಗೆ ಹುಡುಕೋದು, ಜನ ಮಾತಾಡಿಸ್ತಾರಾ, ಇದನ್ನ ಯಾರೂ ಬರ್ದಿಲ್ಲ. ವರ್ಷಪೂರ್ತಿ ಮಳೆ ಅಂತ ಎಲ್ಲರೂ ಹೆದರಿಸ್ತಾ ಇದಾರೆ. ನಮ್ಮ ಕಡೆಯವರು ಯಾರಾದ್ರೂ ಇದ್ರೆ ದಯವಿಟ್ಟು ಬಿಡಿಸಿ ಹೇಳಿ.

ಆಗುಂಬೆ ಘಾಟಿ

ಮಳೆಗೆ ನಾವು ಹೆದರೋದಾ ಮಾರಾಯ್ರೆ? ಇಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತೆ. ಅಲ್ಲಿ ಎಷ್ಟು ಬರುತ್ತೆ, ಗೊತ್ತಿರೋರು ಹೇಳಿ.

ತುಂಗಾತೀರ

ನಾನು ತೀರ್ಥಹಳ್ಳಿ ಕಡೆಯವಳು, ನಾವಿಬ್ಬರೂ ಬೆರ್ಗೆನ್‌ನಲ್ಲಿ ಇದ್ದು ಐದು ವರ್ಷ ಆಯ್ತು. ಈಗ ರಜೆಗೆ ಊರಿಗೆ ಬಂದಿದೀವಿ, ಪುನರ್ವಸು ಮಳೆ ಹಿಡ್ಕೊಂಡಿದೆ, ಮೂರು ದಿನದಿಂದ ಕರೆಂಟಿಲ್ಲ, ಮೊಬೈಲ್‌ನಲ್ಲಿ ಚಾರ್ಜ್ ಇರೋವಷ್ಟು ಬರೀತೀನಿ, ಮಧ್ಯೆ ನಿಂತ್ರೆ ಬೇಜಾರ್ ಮಾಡ್ಕೋಬೇಡಿ.

ಮೊದಲು ಮಳೆ ವಿಷಯ. ಬೆರ್ಗೆನ್‌ನಲ್ಲಿ ವರ್ಷಕ್ಕೆ 2,000 ಮಿಲಿಮೀಟರ್‌ಗಿಂತ ಮೇಲೆ ಬರುತ್ತೆ, ಅಂದ್ರೆ ಆಗುಂಬೆಯ ಮೂರನೇ ಒಂದು ಭಾಗದ ಹತ್ತಿರ. ಆದ್ರೆ ನಮ್ಮಲ್ಲಿ ಹೊಯ್ದ್ರೆ ನಾಲ್ಕು ತಿಂಗಳು, ಆಮೇಲೆ ಬಿಸಿಲು ಬಂದು ಅಂಗಳಕ್ಕೆ ಅಡಿಕೆ ಹರವಬಹುದು. ಅಲ್ಲಿ ಹನ್ನೆರಡು ತಿಂಗಳಿಗೂ ಹಂಚ್ಕೊಂಡು ಬರುತ್ತೆ. 2006ರ ಅಕ್ಟೋಬರ್ ಕೊನೆಯಿಂದ 2007ರ ಜನವರಿವರೆಗೆ 85 ದಿನ ಒಂದು ದಿನವೂ ಬಿಡದೆ ಮಳೆ ಬಂದಿತ್ತಂತೆ, ಊರಿನವರು ಇವತ್ತಿಗೂ ಅದನ್ನ ಹೇಳ್ತಾರೆ. ಧೋ ಅಂತ ಹೊಯ್ಯೋ ಮಳೆ ಅಲ್ಲ ಅದು, ಜಿಟಿಜಿಟಿ, ಜೊತೆಗೆ ಸಮುದ್ರದ ಗಾಳಿ, ಕೊಡೆ ಮಗುಚಿ ಹೋಗುತ್ತೆ. ಕೊಡೆ ಒಯ್ಯಲೇಬೇಡಿ. ಒಳ್ಳೆ ರೇನ್‌ಕೋಟು, ರೇನ್ ಪ್ಯಾಂಟು ಅಲ್ಲೇ ತಗೊಳ್ಳಿ. ಮೈಗೆ ಅಂಟೋ ಹಾಗೆ ಉಣ್ಣೆ ಒಳಬಟ್ಟೆ ಹಾಕಬೇಕು, ಹತ್ತಿ ಬಟ್ಟೆ ಒದ್ದೆ ಆದ್ರೆ ಚಳಿ ಮೂಳೆಗೆ ಇಳಿಯುತ್ತೆ. ನಮ್ಮಜ್ಜ ಗದ್ದೆಗೆ ಹೋಗುವಾಗ ಕಂಬಳಿಕೊಪ್ಪೆ ಹಾಕ್ಕೊಂಡು ಹೋಗ್ತಿದ್ರಲ್ಲ, ಒದ್ದೆ ಆದ್ರೂ ಬೆಚ್ಚಗಿರುತ್ತೆ ಅಂತ, ಅದೇ ಲೆಕ್ಕ.

ಮಳೆ ಬಂತು ಅಂತ ಅಲ್ಲಿ ಯಾವ ಕೆಲಸವೂ ನಿಲ್ಲಲ್ಲ. ನಾನು ಒಂದು ಶಿಶುವಿಹಾರದಲ್ಲಿ ಕೆಲಸ ಮಾಡ್ತೀನಿ, ಅವರು ಬಾರ್ನೆಹಾಗೆ ಅಂತಾರೆ. ಎರಡು ವರ್ಷದ ಮಕ್ಕಳನ್ನ ಸುರಿಯೋ ಮಳೇಲಿ ಮಳೆಬಟ್ಟೆ ಹಾಕಿ ಅಂಗಳಕ್ಕೆ ಬಿಡ್ತೀವಿ, ಕೆಸರಲ್ಲಿ ಕೂತು ಆಡ್ತಾವೆ. ಪುಟ್ಟ ಮಕ್ಕಳನ್ನ ಮಧ್ಯಾಹ್ನ ನಿದ್ದೆಗೆ ತಳ್ಳುಗಾಡಿ ಸಮೇತ ಹೊರಗೇ ಮಲಗಿಸ್ತೀವಿ, ಉಣ್ಣೆ ಬಟ್ಟೆ ಹೊದಿಸಿ. ಮೊದಲನೇ ದಿನ ಅದನ್ನ ನೋಡಿ ನನ್ನ ಹೊಟ್ಟೆಯೊಳಗೆ ಸಂಕಟ ಆಯ್ತು, ಈಗ ನಾನೇ ಮಲಗಿಸ್ತೀನಿ. ಒಳಗೆ ಬಂದ ಮೇಲೆ ಒದ್ದೆ ಬಟ್ಟೆಗೆಲ್ಲ ಬಿಸಿಗಾಳಿ ಬರೋ ಬೀರು ಇರುತ್ತೆ. ಅದರ ಬಾಗಿಲು ತೆಗೆದಾಗ ಬರೋ ವಾಸನೆಗೆ ನಂಗೆ ನಮ್ಮ ಮನೆ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತಿದ್ದದ್ದು ನೆನಪಾಗುತ್ತೆ, ದಿನಾ.

ವಿನೋಬನಗರದವಳು

ಅಯ್ಯೋ ಎಷ್ಟು ಖುಷಿ ಆಯ್ತು ಓದಿ! ನೀವು ಅಲ್ಲಿ ಶಿಶುವಿಹಾರ ಸೇರಿದ್ದು ಹ್ಯಾಗೆ? ನನಗೂ ಅಂಥದ್ದೇ ಬೇಕು. ಮತ್ತೆ ಮನೆ?

ತುಂಗಾತೀರ

ಇಲ್ಲಿನ ಬಿ.ಎಡ್. ಇದ್ರೂ ಅಲ್ಲಿ ಶಾಲೇಲಿ ಟೀಚರ್ ಆಗೋಕೆ ಸರ್ಟಿಫಿಕೇಟ್‌ಗೆ ಮಾನ್ಯತೆ ಬೇಕು, ನಾರ್ವೇಜಿಯನ್ ಚೆನ್ನಾಗಿ ಬರಬೇಕು, ಅದಕ್ಕೆ ಸಮಯ ಹಿಡಿಯುತ್ತೆ. ಸಂಗಾತಿಯಾಗಿ ಹೋಗೋರ ಪರ್ಮಿಟ್‌ನಲ್ಲೇ ಕೆಲಸ ಮಾಡೋಕೆ ಅವಕಾಶ ಇರುತ್ತೆ, ಹಾಗಾಗಿ ನಾನು ಬದಲಿ ಸಹಾಯಕಿ ಅಂತ ಸೇರಿದೆ. ಭಾಷೆ ಕಲಿಸಿದ್ದು ಕ್ಲಾಸಲ್ಲ, ಆ ಮೂರು ವರ್ಷದ ಮಕ್ಕಳು. ತಪ್ಪು ಮಾತಾಡಿದ್ರೆ ಅವು ನಗಲ್ಲ, ಸರಿಯಾದ ಮಾತು ಹೇಳಿ ಮತ್ತೆ ಹೇಳು ಅಂತಾವೆ. ಇಂಗ್ಲಿಷ್ ಎಲ್ಲರಿಗೂ ಬರುತ್ತೆ ಅಂತ ಸುಮ್ಮನೆ ಇರಬೇಡಿ. ಊಟದ ಟೇಬಲ್ ಹತ್ರ ಅವರವರೇ ನಗ್ತಾ ಮಾತಾಡೋದು ಅವರ ಭಾಷೇಲೇ. ಬರೆಯೋಕೆ ಎರಡು ರೂಪ ಇದೆ, ಮಾತು ಕಣಿವೆಗೊಂದು. ಹವ್ಯಕರ ಮಾತು, ಶಿವಮೊಗ್ಗ ಪೇಟೆ ಮಾತು, ಘಟ್ಟದ ಕೆಳಗಿನ ಮಾತು ಎಲ್ಲ ಕೇಳಿ ಬೆಳೆದ ಕಿವಿಗೆ ಅದು ಅಷ್ಟು ಕಷ್ಟ ಅಲ್ಲ.

ಮನೆ ವಿಷಯ ಗಮನ ಇಟ್ಟು ಓದಿ. ಬಾಡಿಗೆ ಮನೆಗೆ ಡೆಪಾಸಿಟ್ ಕೊಡುವಾಗ ಅದು ಬ್ಯಾಂಕ್‌ನಲ್ಲಿ ನಿಮ್ಮ ಹೆಸರಲ್ಲಿ ತೆಗೆಯೋ ಪ್ರತ್ಯೇಕ ಡೆಪಾಸಿಟ್ ಖಾತೆಗೇ ಹೋಗಬೇಕು, ಅಲ್ಲಿನ ಕಾನೂನೇ ಹಾಗಿದೆ, ಆರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳೋ ಹಾಗೂ ಇಲ್ಲ, ಸಾಮಾನ್ಯವಾಗಿ ಮೂರು ತಿಂಗಳದ್ದು ಕೇಳ್ತಾರೆ. ನಮ್ಮ ಮೊದಲ ಮನೆ ಮಾಲೀಕರು ನನ್ನ ಖಾತೆಗೇ ಹಾಕಿ ಅಂದ್ರು, ಹೊಸಬರು ನಾವು, ಹಾಕಿಬಿಟ್ವಿ. ಮನೆ ಬಿಡುವಾಗ ಗೋಡೆ ಮೇಲಿನ ಒಂದು ಗೆರೆ ತೋರ್ಸಿ ಅರ್ಧಕ್ಕರ್ಧ ಹಿಡ್ಕೊಂಡ್ರು. ಬಾಡಿಗೆ ತಕರಾರು ಕೇಳೋ ಮಂಡಳಿ ಇದೆ, ಅಲ್ಲಿಗೆ ಅರ್ಜಿ ಹಾಕಿದ ಮೇಲೆ ಬಂತು, ಆದ್ರೆ ಅಷ್ಟೊತ್ತಿಗೆ ನಾವು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ವಿ ಅಂತ ನಮಗೇ ಗೊತ್ತು. ಮನೆ ಒಳಗೆ ಹೋದ ದಿನವೇ ಮೂಲೆಮೂಲೆ ಫೋಟೋ ತೆಗೆದಿಟ್ಕೊಳ್ಳಿ.

ಇನ್ನೊಂದು, 11 ಅಂಕಿಯ ಗುರುತಿನ ನಂಬರು ಬರೋವರೆಗೆ ಬ್ಯಾಂಕ್ ಖಾತೆ, ಅದಾದ ಮೇಲೆ ಬ್ಯಾಂಕ್‌ಐಡಿ, ಅಂದ್ರೆ ಆನ್‌ಲೈನ್‌ನಲ್ಲಿ ನಮ್ಮ ಗುರುತು ತೋರಿಸೋ ವ್ಯವಸ್ಥೆ, ಅದಿಲ್ಲದೆ ಡಾಕ್ಟರ್ ಅಪಾಯಿಂಟ್‌ಮೆಂಟ್‌ನಿಂದ ಹಿಡಿದು ಟ್ಯಾಕ್ಸ್ ಕಾರ್ಡ್‌ವರೆಗೆ ಎಲ್ಲ ಕುಂಟುತ್ತೆ. ಮೊದಲ ಎರಡು ತಿಂಗಳಿಗೆ ಬೇಕಾದಷ್ಟು ದುಡ್ಡು ಕೈಯಲ್ಲಿರಲಿ.

ಕೊಪ್ಪದ ತೋಟ

ಒಳ್ಳೆದನ್ನ ಮಾತ್ರ ಹೇಳಿ ಕಳಿಸಬಾರ್ದು, ಅದಕ್ಕೆ ಬರೀತಿದೀನಿ. ನಾವು ಟ್ರೊಂಡ್‌ಹೈಮ್‌ನಲ್ಲಿ ಎರಡು ಚಳಿಗಾಲ ಇದ್ದು ವಾಪಸ್ ಬಂದವರು. ಡಿಸೆಂಬರ್‌ನಲ್ಲಿ ಬೆಳಕು ಅಂತ ಇರೋದು ನಾಲ್ಕೂವರೆ ಗಂಟೆ. ನಾನು ಆಫೀಸಿಗೆ ಹೋಗುವಾಗ ಕತ್ತಲೆ, ಬರುವಾಗ ಕತ್ತಲೆ, ಅವಳು ಇಡೀ ದಿನ ಮನೇಲಿ ಒಬ್ಬಳೇ. ಫೋನ್‌ನಲ್ಲಿ ಊರಿನವರ ಜೊತೆ ಮಾತಾಡಿ ಇಟ್ಟ ಮೇಲೆ ಅಳ್ತಿದ್ಲು, ನಂಗೆ ಎಷ್ಟೋ ದಿನ ಗೊತ್ತೇ ಆಗಿರ್ಲಿಲ್ಲ. ಅಕ್ಕಪಕ್ಕದವರು ಕೆಟ್ಟವರಲ್ಲ, ಆದ್ರೆ ಮೆಟ್ಟಿಲಲ್ಲಿ ಸಿಕ್ಕಿದ್ರೆ ತಲೆ ಆಡಿಸಿ ಹೋಗ್ತಾರೆ. ನಮ್ಮ ಕಡೆ ದಾರೀಲಿ ಹೋಗೋರನ್ನೂ ಕರ್ದು ಬೆಲ್ಲ ನೀರು ಕೊಡೋ ಜನ, ಆ ಮೌನ ತಡ್ಕೊಳ್ಳೋಕಾಗ್ಲಿಲ್ಲ. ವಾಪಸ್ ಬಂದಿದ್ದಕ್ಕೆ ನಮಗೆ ಪಶ್ಚಾತ್ತಾಪ ಇಲ್ಲ.

ತುಂಗಾತೀರ

ನೀವು ಹೇಳಿದ್ದು ಪೂರ್ತಿ ನಿಜ, ಬರ್ದಿದ್ದು ಒಳ್ಳೆದಾಯ್ತು. ನಾನು ಇಲ್ಲಿ ಹೇಳಬೇಕು ಅಂತಿದ್ದ ಮುಖ್ಯ ಮಾತೂ ಇದೇ. ಮಳೆ ಅಲ್ಲ, ಚಳಿ ಅಲ್ಲ, ಕತ್ತಲೆ. ಬೆರ್ಗೆನ್ ನಿಮ್ಮ ಟ್ರೊಂಡ್‌ಹೈಮ್‌ಗಿಂತ ದಕ್ಷಿಣಕ್ಕೆ ಇದ್ರೂ ಡಿಸೆಂಬರ್ ನಡುವೆ ಸೂರ್ಯ ಹುಟ್ಟೋದು ಒಂಬತ್ತೂಮುಕ್ಕಾಲಿಗೆ, ಮಧ್ಯಾಹ್ನ ಮೂರೂವರೆಗೆ ಮುಳುಗಿ ಆಯ್ತು. ಅದರ ಮಧ್ಯವೂ ಮೋಡ. ನನಗೂ ಮೊದಲ ಚಳಿಗಾಲ ಹಾಸಿಗೆ ಬಿಟ್ಟು ಏಳೋಕೆ ಮನಸ್ಸೇ ಬರ್ತಿರ್ಲಿಲ್ಲ. ಡಾಕ್ಟರು ವಿಟಮಿನ್ ಡಿ ತಗೊಳ್ಳೋಕೆ ಹೇಳಿದ್ರು. ಅಲ್ಲಿನವರು ಮೀನೆಣ್ಣೆ ಕುಡೀತಾರೆ, ನಾವು ಕುಡಿಯಲ್ಲ, ಮಾತ್ರೆ ಸಿಗುತ್ತೆ.

ನನ್ನನ್ನ ಆ ಹಾಸಿಗೆಯಿಂದ ಎಬ್ಬಿಸಿದ್ದು ದುಗ್ನಾದ್. ಅಂದ್ರೆ ಕಟ್ಟಡದಲ್ಲಿರೋ ಮನೆಯವರೆಲ್ಲ ಒಂದು ದಿನ ಸೇರಿ ಎಲೆ ಗುಡಿಸೋದು, ಬೇಲಿಗೆ ಬಣ್ಣ ಹೊಡೆಯೋದು, ಚರಂಡಿ ಬಿಡಿಸೋದು, ಯಾರಿಗೂ ಕೂಲಿ ಇಲ್ಲ. ಚೀಟಿ ಅಂಟಿಸಿದ್ರು, ಹೋಗೋದಾ ಬೇಡವಾ ಅಂತ ನೋಡಿ ಕೊನೆಗೆ ಇಬ್ಬರೂ ಹೋದ್ವಿ. ನಮ್ಮಲ್ಲಿ ಮುಯ್ಯಾಳು ಅಂತ ಇರ್ಲಿಲ್ವಾ, ಇವತ್ತು ನಿಮ್ಮ ಮನೆ ಅಡಿಕೆ ಸುಲಿಯೋಕೆ ನಾವು, ನಾಳೆ ನಮ್ಮಲ್ಲಿಗೆ ನೀವು ಅಂತ, ಗ್ಯಾಸ್‌ಲೈಟ್ ಹಚ್ಕೊಂಡು ರಾತ್ರಿ ಹನ್ನೆರಡರವರೆಗೆ ಮೆಟ್ಟುಗತ್ತಿ ಮುಂದೆ ಕೂತು. ನಾನು ಕುಡಗೋಲು ಹಿಡಿದು ಬೆಳೆದವಳು, ಅಲ್ಲಿ ಪೊದೆ ಕತ್ತರಿಸೋಕೆ ಕೊಟ್ರು, ಒಂದು ಗಂಟೇಲಿ ಮುಗಿಸಿದೆ. ಒಂದು ವರ್ಷ ತಲೆ ಆಡಿಸಿ ಹೋಗ್ತಿದ್ದ ಮೇಲಿನ ಮನೆ ಅಜ್ಜಿ ಬಂದು ಪಕ್ಕದಲ್ಲಿ ಕೂತು ಕಾಫಿ ಹಿಡ್ಕೊಂಡು ಎರಡು ಗಂಟೆ ಮಾತಾಡಿದ್ರು. ಮುಂದಿನ ಸಲ ಮೆಟ್ಟಿಲಲ್ಲಿ ಸಿಕ್ಕಾಗ ತಕ್ ಫೋರ್ ಸಿಸ್ತ್ ಅಂದ್ರು, ಹೋದ ಸಲ ಸಿಕ್ಕಿದ್ದಕ್ಕೆ ಥ್ಯಾಂಕ್ಸ್ ಅಂತ ಅರ್ಥ. ಆ ಜನಕ್ಕೆ ಸುಮ್ಮನೆ ಕೂತು ಹರಟೆ ಹೊಡೆಯೋಕೆ ಸಂಕೋಚ, ಕೈಯಲ್ಲಿ ಒಂದು ಕೆಲಸ ಇದ್ರೆ ಬಾಯಿ ಬಿಡ್ತಾರೆ. ನಮ್ಮ ದೊಡ್ಡಪ್ಪನೂ ಹಾಗೇ ಇದ್ರು.

ಅದಕ್ಕೇ ವಿನೋಬನಗರದವರೇ, ಮನೇಲಿ ಒಬ್ಬರೇ ಕೂರಬೇಡಿ. ದಿನಾ ಬೆಳಕಿರುವಾಗ ಒಂದು ಗಂಟೆ ಹೊರಗೆ ನಡೀರಿ, ಮಳೆ ಇದ್ರೂ ಸರಿ. ಕರೆದ್ರೂ ಕರೀದೇ ಇದ್ರೂ ದುಗ್ನಾದ್‌ಗೆ ಹೋಗಿ.

ಕೊಪ್ಪದ ತೋಟ

ನಮ್ಮ ಬಿಲ್ಡಿಂಗ್‌ನಲ್ಲೂ ಆ ಚೀಟಿ ಅಂಟಿಸಿದ್ರು. ನಮಗೆ ಓದೋಕೆ ಬರ್ಲಿಲ್ಲ, ಏನೋ ನೋಟಿಸು ಅಂತ ಬಿಟ್ವಿ. ಈಗ ಗೊತ್ತಾಯ್ತು.

ಹೊಸನಗರದ ಅಮ್ಮ

ನನ್ನ ಮಗನೂ ಹೊರಗೆ ಇದಾನೆ, ಬೇರೆ ದೇಶ. ಬಾ ಬಾ ಅಂತಾನೆ, ನಂಗೆ ಭಯ. ನಿಮ್ಮ ಮನೆಗೆ ಅತ್ತೆ ಅಮ್ಮ ಯಾರಾದ್ರೂ ಬಂದಿದ್ರಾ? ಊಟ ತಿಂಡಿಗೆ ಎಂತ ಮಾಡ್ತೀರಿ?

ತುಂಗಾತೀರ

ಹೋಗಿ ಬನ್ನಿ ಅಮ್ಮ, ಭಯ ಬೇಡ. ನಮ್ಮತ್ತೆ ಜೂನ್‌ನಲ್ಲಿ ಬಂದಿದ್ರು, ವಿಸಿಟ್ ವೀಸಾ 90 ದಿನ. ಆಗ ಸೂರ್ಯ ಮುಳುಗೋದೇ ರಾತ್ರಿ ಹನ್ನೊಂದು ದಾಟಿದ ಮೇಲೆ, ಆಮೇಲೂ ಪೂರ್ತಿ ಕತ್ತಲಾಗಲ್ಲ. ಅವರಿಗೆ ದೊಡ್ಡ ಚಿಂತೆ ಆಗಿದ್ದು ದೇವರಿಗೆ ಸಂಜೆ ದೀಪ ಹಚ್ಚೋದು ಯಾವಾಗ ಅಂತ. ಮೊದಲ ದಿನ ಹೊತ್ತು ಮುಳುಗ್ಲಿ ಅಂತ ಕಾದು ಕಾದು ಹನ್ನೊಂದಕ್ಕೆ ಹಚ್ಚಿದ್ರು. ಆಮೇಲೆ ಅವರೇ ಗಡಿಯಾರ ನೋಡಿ ಏಳು ಗಂಟೆ ಅಂತ ಇಟ್ಕೊಂಡ್ರು, ಕಿಟಕಿ ತುಂಬ ಬಿಸಿಲು, ಒಳಗೆ ದೀಪ. ಕಿಟಕಿಗೆ ದಪ್ಪ ಕಪ್ಪು ಪರದೆ ಹಾಕಿದ ಮೇಲೆ ನಿದ್ದೆ ಬಂತು.

ಊಟಕ್ಕೆ ತೊಂದರೆ ಇಲ್ಲ. ವಲಸೆ ಬಂದವರ ಅಂಗಡಿಗಳಲ್ಲಿ ತೊಗರಿಬೇಳೆ, ಬೆಂಡೆಕಾಯಿ, ಕೊತ್ತಂಬರಿ ಸಿಗುತ್ತೆ. ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು, ಶನಿವಾರವೇ ತಂದಿಟ್ಕೊಳ್ಳಿ. ಇಲ್ಲಿಂದ ತುಪ್ಪ ಒಯ್ಯಬೇಡಿ, ಯುರೋಪಿನ ಹೊರಗಿಂದ ಹಾಲಿನ ಪದಾರ್ಥ ಮಾಂಸ ತರೋ ಹಾಗಿಲ್ಲ, ತೆಗೆದಿಟ್ಕೊಳ್ತಾರೆ. ಅಲ್ಲಿ ಬೆಣ್ಣೆ ತುಂಬ ಚೆನ್ನಾಗಿದೆ, ಮನೇಲೇ ಕಾಯಿಸಿ. ಅಪ್ಪೆಮಿಡಿ ಉಪ್ಪಿನಕಾಯಿ, ಒಣಗಿಸಿದ ಮುರುಗಲು, ಕಷಾಯದ ಪುಡಿ, ಇಷ್ಟು ಇರ್ಲಿ. ಅವರ ಲೆಫ್ಸೆ ಅಂತ ಒಂದು ತೆಳು ರೊಟ್ಟಿ, ಆಲೂಗಡ್ಡೆ ಹಿಟ್ಟಿಂದು, ದೊಡ್ಡ ಕಾವಲಿ ಮೇಲೆ ಬೇಯಿಸೋದು, ಅತ್ತೆ ನೋಡಿದ ಕೂಡಲೇ ಲಟ್ಟಣಿಗೆ ಇಸ್ಕೊಂಡು ಶುರು ಮಾಡಿದ್ರು. ಡಿಸೆಂಬರ್‌ನಲ್ಲಿ ಅಕ್ಕಿ ಗಂಜಿ ಹಾಲಲ್ಲಿ ಬೇಯಿಸಿ ಮೇಲೆ ಸಕ್ಕರೆ, ದಾಲ್ಚಿನ್ನಿ ಪುಡಿ, ಬೆಣ್ಣೆ ಹಾಕಿ ತಿಂತಾರೆ, ನಮ್ಮ ಪಾಯಸದ ತಂಗಿ. ಕಂದು ಬಣ್ಣದ ಚೀಸ್ ಒಂದಿದೆ, ಬ್ರೂನ್‌ಓಸ್ತ್, ಹಾಲೊಡಕನ್ನ ಕುದಿಸಿ ಕುದಿಸಿ ಇಂಗಿಸಿ ಮಾಡೋದು, ರುಚಿ ನೋಡಿ, ಖೋವಾ ನೆನಪಾಗುತ್ತೆ.

ಆಗಸ್ಟ್‌ನಲ್ಲಿ ಕಾಡಲ್ಲಿ ಬ್ಲೂಬೆರಿ. ಯಾರ ಕಾಡಾದ್ರೂ ನಡೆದು ಹೋಗಬಹುದು, ಹಣ್ಣು ಕೊಯ್ಯಬಹುದು, ಮನೆಯಿಂದ 150 ಮೀಟರ್ ದೂರ ಇದ್ರೆ ರಾತ್ರಿ ಟೆಂಟೂ ಹಾಕಬಹುದು, 1957ರಿಂದ ಕಾನೂನಲ್ಲೇ ಇರೋ ಹಕ್ಕು. ಕವಳಿ ಹಣ್ಣು, ನೇರಳೆ ಹಣ್ಣು ಆರಿಸ್ಕೊಂಡು ಗುಡ್ಡ ಸುತ್ತಿದ ನಮಗೆ ಅದು ಹಬ್ಬ. ಇಂಬಳ ಇಲ್ಲ, ಉಣುಗು ಇದೆ, ಮನೆಗೆ ಬಂದ ಮೇಲೆ ಮೈ ನೋಡ್ಕೊಳ್ಳಿ.

ಕುಂದಾದ್ರಿ

ತುಂಗಾತೀರ ನನ್ನ ಹೆಂಡತಿ. ಅವಳ ಫೋನ್ ಆಫ್ ಆಯ್ತು, ತಿರುಗಾಟದ ವಿಷಯ ನಾನು ಬರೀತೀನಿ.

ಮೊದಲ ಪ್ರವಾಸಕ್ಕೆ ಓಸ್ಲೋ ರೈಲು ಹತ್ತಿ. 1909ರಲ್ಲಿ ಶುರುವಾದ ಲೈನು, ಸುಮಾರು ಏಳು ಗಂಟೆ ದಾರಿ, ಫಿನ್ಸೆ ಸ್ಟೇಷನ್ 1,222 ಮೀಟರ್ ಎತ್ತರದಲ್ಲಿದೆ, ಕೊಡಚಾದ್ರಿ 1,343 ಅಂತ ನೆನೆಸ್ಕೊಳ್ಳಿ, ಹೆಚ್ಚುಕಮ್ಮಿ ಆ ಎತ್ತರಕ್ಕೆ ರೈಲಲ್ಲಿ ಕೂತು ಹೋಗೋದು. ಜೂನ್‌ನಲ್ಲೂ ಅಲ್ಲಿ ಹಿಮ ಇರುತ್ತೆ. ಮಧ್ಯೆ ಮ್ಯುರ್ದಾಲ್‌ನಲ್ಲಿ ಇಳಿದ್ರೆ ಫ್ಲೋಮ್‌ಗೆ ಇನ್ನೊಂದು ರೈಲು, 20 ಕಿಲೋಮೀಟರ್‌ನಲ್ಲಿ 860 ಮೀಟರ್ ಇಳಿದು ಫ್ಯೋರ್ಡ್ ದಡಕ್ಕೆ ತರುತ್ತೆ. ಕಾರಲ್ಲಿ ಹೋದ್ರೆ ಲೇರ್ದಾಲ್ ಸುರಂಗ ಸಿಗುತ್ತೆ, 24.5 ಕಿಲೋಮೀಟರ್, ಗುಡ್ಡದ ಹೊಟ್ಟೆಯೊಳಗೆ ಇಪ್ಪತ್ತು ನಿಮಿಷ.

ಫ್ಯೋರ್ಡ್ ದಾಟೋಕೆ ಕಾರು ಸಮೇತ ಫೆರಿ. ನಂಗೆ ಅದು ಸಿಗಂದೂರು ಲಾಂಚ್. ಅಂಬಾರಗೋಡ್ಲು ದಡದಲ್ಲಿ ಜೀಪು ಬಸ್ಸಿನ ಜೊತೆ ನಿಂತು ಕಾಯ್ತಿದ್ದದ್ದೇ ಕಣ್ಮುಂದೆ ಬರುತ್ತೆ. ಈಗ 2025ರ ಜುಲೈನಲ್ಲಿ ಸೇತುವೆ ಆಯ್ತು, ಮೊನ್ನೆ ಅದರ ಮೇಲೆ ಹೋಗಿ ಬಂದ್ವಿ, ಎರಡು ಕಿಲೋಮೀಟರ್ ಮೀರಿದ ಸೇತುವೆ, ಕಳಸವಳ್ಳಿ ಕಡೆಯವರಿಗೆ ಅರವತ್ತು ವರ್ಷದ ಮೇಲೆ ದಾರಿ ಸಿಕ್ತು. ಅಲ್ಲಿ 2015ರಲ್ಲೇ ಬ್ಯಾಟರಿಲಿ ಓಡೋ ಕಾರ್ ಫೆರಿ ಬಂತು, ಹೊಗೆ ಇಲ್ಲ ಸದ್ದಿಲ್ಲ.

ಗುಡ್ಡ ಹತ್ತುವಾಗ ಒಂದು ಮಾತು. ಬೆರ್ಗೆನ್ ಸುತ್ತ ಏಳು ಗುಡ್ಡ, ಎತ್ತರದ್ದು ಉಲ್ರಿಕೆನ್, 643 ಮೀಟರ್. ಕುಂದಾದ್ರಿ ಹತ್ತಿದವನು ನಾನು, ಇದೇನು ಮಹಾ ಅಂತ ಹೊರಟೆ. ಅರ್ಧ ಗಂಟೇಲಿ ಮಂಜು ಕವಿದು ಪಕ್ಕದಲ್ಲಿದ್ದ ಇವಳೇ ಕಾಣ್ಲಿಲ್ಲ. ಅವರ ಬೆಟ್ಟದ ಒಂಬತ್ತು ನಿಯಮದಲ್ಲಿ ಒಂದು, ಹೊತ್ತಿಗೆ ಮುಂಚೆ ಹಿಂತಿರುಗಿ, ತಿರುಗಿ ಬರೋದ್ರಲ್ಲಿ ನಾಚಿಕೆ ಇಲ್ಲ ಅಂತ. ಎದುರಿಗೆ ಬಂದ ಎಪ್ಪತ್ತು ವರ್ಷದವರೊಬ್ಬರು ಅದನ್ನೇ ಹೇಳಿ ನಮ್ಮನ್ನ ಕೆಳಗೆ ಕರ್ಕೊಂಡು ಬಂದ್ರು.

ಸಾಗರದ ಮುಳುಗಡೆ

ಲಾಂಚ್ ಅಂದಿದ್ದಕ್ಕೆ ಬರೀತಾ ಇದೀನಿ. ನಮ್ಮಜ್ಜನ ಮನೆ, ತೋಟ, ಎಲ್ಲ 1964ರಲ್ಲಿ ಲಿಂಗನಮಕ್ಕಿ ನೀರಿನ ಅಡಿ ಹೋಯ್ತು. ಬದಲಿಗೆ ಕೊಟ್ಟ ಜಾಗದ ಹಕ್ಕುಪತ್ರಕ್ಕೆ ನಮ್ಮಪ್ಪ ಸಾಯೋವರೆಗೂ ಓಡಾಡಿದ್ರು. ನಾರ್ವೆಯ ಕರೆಂಟೂ ಪೂರ್ತಿ ನೀರಿಂದೇ ಅಂತ ಕೇಳಿದೀನಿ. ಅಲ್ಲೂ ಹೀಗೇ ಊರು ಮುಳುಗಿಸಿದಾರಾ? ಸುಮ್ಮನೆ ಕೇಳ್ತಿಲ್ಲ, ನಿಜವಾಗ್ಲೂ ತಿಳ್ಕೋಬೇಕು.

ಕುಂದಾದ್ರಿ

ನೀವು ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡ್ತೀನಿ, ಯಾಕಂದ್ರೆ ನಮ್ಮ ಎಲ್ಲ ತಿರುಗಾಟದಲ್ಲಿ ಮನಸ್ಸಿಗೆ ನಾಟಿದ್ದು ಇದೇ.

ಹತ್ತರಲ್ಲಿ ಒಂಬತ್ತು ಪಾಲು ಕರೆಂಟು ನೀರಿಂದೇ. ಬೆರ್ಗೆನ್‌ನಿಂದ ಒಂದು ದಿನದ ದಾರೀಲಿ ವೋರಿಂಗ್ಸ್‌ಫೋಸೆನ್ ಅಂತ ಜಲಪಾತ, 182 ಮೀಟರ್. ಜೋಗ 253. ಅದರ ಮೇಲಿನ ನೀರನ್ನೂ ಕರೆಂಟಿಗೆ ತಿರುಗಿಸಿದಾರೆ, ಆದ್ರೆ ಬೇಸಿಗೇಲಿ ಇಷ್ಟು ನೀರು ಜಲಪಾತಕ್ಕೆ ಬಿಡಲೇಬೇಕು ಅಂತ ಕಟ್ಟುಪಾಡು ಇದೆ, ಸೆಕೆಂಡಿಗೆ 12 ಘನ ಮೀಟರ್. ಅಲ್ಲಿ ನಿಂತಾಗ ಬೇಸಿಗೇಲಿ ಒಣಗಿ ಕಪ್ಪು ಬಂಡೆ ಮಾತ್ರ ಕಾಣೋ ನಮ್ಮ ರಾಜ, ರಾಣಿ, ರೋರರ್, ರಾಕೆಟ್ ನೆನಪಾಗಿ ಸುಮಾರು ಹೊತ್ತು ಮಾತಾಡೋಕಾಗ್ಲಿಲ್ಲ.

ಊರು ಮುಳುಗಿಸೋ ವಿಷಯ. ಎರಡು ವರ್ಷದ ಹಿಂದೆ ಉತ್ತರದ ಬೆಳಕು, ಅದೇ ಅರೋರಾ, ನೋಡೋಕೆ ಅಂತ ನಾರ್ವೆಯ ಉತ್ತರ ತುದಿಯ ಆಲ್ತಾಗೆ ಹೋಗಿದ್ವಿ. ಮೂರು ರಾತ್ರಿ ಮೋಡ, ನಾಲ್ಕನೇ ರಾತ್ರಿ ಆಕಾಶ ಹಸಿರಾಗಿ ಅಲ್ಲಾಡ್ತು, ಅದನ್ನ ವರ್ಣಿಸೋಕೆ ನಂಗೆ ಬರಲ್ಲ. ಆದ್ರೆ ಮೋಡ ಇದ್ದ ದಿನಗಳಲ್ಲಿ ಕೇಳಿದ ಕಥೆ ಅದಕ್ಕಿಂತ ಹೆಚ್ಚು ಉಳೀತು. ಅಲ್ಲಿ ಸಾಮಿ ಜನ ಇದಾರೆ, ರೇನ್‌ಡೀರ್ ಸಾಕಿ ಬದುಕಿದ ಮೂಲನಿವಾಸಿಗಳು. ಆಲ್ತಾ ನದಿಗೆ ಅಣೆಕಟ್ಟು ಕಟ್ಟೋ ಮೊದಲ ಯೋಜನೇಲಿ ಮಾಸಿ ಅನ್ನೋ ಅವರ ಹಳ್ಳಿ ಪೂರ್ತಿ ಮುಳುಗಬೇಕಿತ್ತು. ಜನ ಒಪ್ಪಲಿಲ್ಲ, ಹಳ್ಳಿ ಮುಳುಗಿಸೋದನ್ನ ಕೈಬಿಟ್ಟು ಯೋಜನೆ ಚಿಕ್ಕದು ಮಾಡಿದ್ರು. ಅಷ್ಟಕ್ಕೂ ಸುಮ್ಮನಾಗದೆ 1979ರಲ್ಲಿ ಓಸ್ಲೋಗೆ ಬಂದು ಪಾರ್ಲಿಮೆಂಟ್ ಮುಂದೆ ಗುಡಾರ ಹಾಕಿ ಸಾಮಿ ಹುಡುಗ ಹುಡುಗೀರು ಉಪವಾಸ ಕೂತ್ರು. 1981ರ ಚಳಿಗಾಲ ಕೆಲಸದ ಜಾಗದಲ್ಲಿ ಸರಪಳಿ ಕಟ್ಕೊಂಡು ಕೂತ ಜನರನ್ನ ನೂರಾರು ಪೊಲೀಸರು ಎತ್ತಿ ಒಯ್ದ್ರು. ಅಣೆಕಟ್ಟು ನಿಲ್ಲಲಿಲ್ಲ, 1987ರಲ್ಲಿ ಕರೆಂಟು ಶುರುವಾಯ್ತು. ಆದ್ರೆ ಆ ಗಲಾಟೆಯಿಂದಲೇ ಸರ್ಕಾರ ಸಾಮಿಗಳ ಹಕ್ಕಿನ ಬಗ್ಗೆ ಕೂತು ಯೋಚಿಸೋ ಹಾಗಾಯ್ತು, 1989ರಲ್ಲಿ ಅವರದ್ದೇ ಸಂಸತ್ತು ಶುರುವಾಯ್ತು.

ನಾವು ಕಾರ್ ಮಾಡ್ಕೊಂಡು ಮಾಸಿಗೆ ಹೋದ್ವಿ. ಹಿಮ, ನಾಲ್ಕಾರು ಮನೆ ಹೊಗೆ, ನದಿ ಹೆಪ್ಪುಗಟ್ಟಿತ್ತು. ನೋಡೋಕೆ ಅಂತ ಏನೂ ಇಲ್ಲ, ಊರು ಇದೆ ಅಷ್ಟೆ. ನಮ್ಮ ಅಮ್ಮನ ತವರೂ ಶರಾವತಿ ಹಿನ್ನೀರಲ್ಲಿದೆ. ಇವಳು ಗಾಡಿಯಿಂದ ಇಳಿದು ಆ ರಸ್ತೇಲಿ ಆ ತುದಿಯಿಂದ ಈ ತುದಿವರೆಗೆ ನಡೆದು ಬಂದ್ಲು. ಯಾಕೆ ಅಂತ ನಾನು ಕೇಳ್ಲಿಲ್ಲ.

ಸಾಗರದ ಮುಳುಗಡೆ

ಓದಿದೆ. ಎರಡು ಸಲ ಓದಿದೆ. ಬೇಸಿಗೇಲಿ ನೀರು ಇಳಿದಾಗ ನಮ್ಮಪ್ಪ ಹಿನ್ನೀರಿಗೆ ಕರ್ಕೊಂಡು ಹೋಗಿ ಬುಡ ಮಾತ್ರ ಉಳಿದ ಮರ ತೋರಿಸಿ ಇದು ನಮ್ಮ ಅಂಗಳದ ಹಲಸು ಅಂತಿದ್ರು. ನಿಮ್ಮ ಹೆಂಡತಿ ಯಾಕೆ ನಡೆದ್ರು ಅಂತ ನಂಗೆ ಗೊತ್ತಾಯ್ತು. ನಿಮ್ಮ ಅಮ್ಮನ ಊರು ಯಾವುದು ಅಂತ ಮೆಸೇಜ್ ಮಾಡಿ, ನಮ್ಮ ಕಡೇದೇ ಇರಬಹುದು.

ವಿನೋಬನಗರದವಳು

ಬೆಳಗ್ಗಿಂದ ಇದನ್ನೇ ಓದ್ತಾ ಕೂತಿದೀನಿ, ಅತ್ತೆಗೂ ಓದಿ ಹೇಳಿದೆ. ಒಂದೇ ಪ್ರಶ್ನೆ ಉಳಿದಿದೆ. ನಾವು ಬರೋ ದಿನ ರಾತ್ರಿ ಎಂಟಕ್ಕೆ ಇಳೀತೀವಿ. ಏರ್‌ಪೋರ್ಟ್‌ನಿಂದ ಊರಿಗೆ ಟ್ಯಾಕ್ಸಿನಾ? ಭಾರಿ ದುಬಾರಿ ಅಂತಾರೆ.

ತುಂಗಾತೀರ

ಕರೆಂಟು ಬಂತು, ಚಾರ್ಜ್ ಹಾಕಿದೆ. ಟ್ಯಾಕ್ಸಿ ಬೇಡ, ಏರ್‌ಪೋರ್ಟ್ ಕೆಳಗಿಂದಲೇ ಬೀಬಾನೆನ್ ಅಂತ ಲೈಟ್ ರೈಲು ಇದೆ, ಮುಕ್ಕಾಲು ಗಂಟೇಲಿ ಊರ ನಡುವೆ. ಎರಡು ದೊಡ್ಡ ಸೂಟ್‌ಕೇಸ್ ಇದ್ರೂ ಹತ್ತಬಹುದು. ನಾವು ಆಗಸ್ಟ್ 20ಕ್ಕೆ ವಾಪಸ್ ಹೋಗಿರ್ತೀವಿ. ನಿಮ್ಮ ತಾರೀಖು ಮೆಸೇಜ್‌ನಲ್ಲಿ ಹಾಕಿ, ನಾವಿಬ್ಬರೂ ಏರ್‌ಪೋರ್ಟ್ ಹತ್ರ ನಿಂತಿರ್ತೀವಿ, ರೇನ್‌ಕೋಟು ಎರಡು ಎಕ್ಸ್‌ಟ್ರಾ ತರ್ತೀನಿ, ನಿಮ್ಮ ಅಳತೆ ಹೇಳಿ. ರಾತ್ರಿ ಊಟಕ್ಕೆ ನಮ್ಮನೆಗೇ ಬರೋದು, ಅನ್ನ ತಿಳಿಸಾರು ಮಾಡಿಟ್ಟಿರ್ತೀನಿ. ನೀವು ಬರುವಾಗ ಒಂದು ಕಟ್ಟು ಒಣಗಿಸಿದ ಮುರುಗಲು ತನ್ನಿ, ನಾನು ಈ ಸಲ ಒಯ್ಯೋದು ಅತ್ತೆ ತಂಗಿಗೆ ಕೊಟ್ಟು ಖಾಲಿ ಆಯ್ತು.